ಖಾಲಿ ಡಬ್ಬಿ ಕೊಡದ ಓಣಿ

ಮುಶಿಗೇರಿಯ ಗಾಳೆವ್ವ ಒಂದು ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡವಳಲ್ಲ. ಕಂಡದ್ದನ್ನು ಕಂಡ ಹಾಗೆ ಆಡಿಬಿಡುವ ಹೆಂಗಸು. ಆಕೆಯದು ಬಾಯಿ ಜೋರು ಎಂದು ಊರೇ ಹೇಳುತ್ತದೆ. ಆದರೆ ಪಂಚಾಯಿತಿ ಮುಂದೆ ನೀರಿಗಾಗಿ ಜಗಳ ಆಡಬೇಕಾದಾಗ ಅದೇ ಊರು ಅದೇ ಬಾಯಿಯನ್ನು ಮುಂದೆ ಮಾಡಿ ತಾನು ಹಿಂದೆ ನಿಲ್ಲುತ್ತದೆ. ಇಂಥವಳು ತನ್ನ ನಲವತ್ತಾರನೆಯ ವಯಸ್ಸಿನಲ್ಲಿ ನಾಲ್ಕು ದಿನ ಒಂದು ಮಾತನ್ನು ನುಂಗಿಕೊಂಡು ಓಡಾಡಿದಳು. ಆ ನಾಲ್ಕು ದಿನಗಳ ಸುದ್ದಿಗೆ ಬರುವ ಮುಂಚೆ ಆಕೆಯ ಹಿಂದಿನದನ್ನು ಸ್ವಲ್ಪ ಹೇಳಬೇಕು.

ಏಳನೆಯ ಇಯತ್ತೆಯವರೆಗೆ ಓದಿದ್ದಳು. ಮದುವೆಯಾದ ಮೇಲೆ ಗಂಡ ಪರಶಪ್ಪನ ಜೊತೆ ಹದಿನಾಲ್ಕು ವರ್ಷ ಗೋವಾದ ಕಟ್ಟಡಗಳಲ್ಲಿ ಸಿಮೆಂಟು ಹೊತ್ತಳು. ಪ್ರತಿ ವರ್ಷ ಕಡಲೆ ಸುಗ್ಗಿ ಮುಗಿಯುತ್ತಲೇ ಕೂಲಿಯಾಳು ಕೂಡಿಸುವ ಮುಕಾದಮ ಟೆಂಪೊ ತೆಗೆದುಕೊಂಡು ಊರಿಗೆ ಬರುತ್ತಿದ್ದ, ಮಂದಿ ಪಾತ್ರೆ ಪಗಡ ಕಟ್ಟಿಕೊಂಡು ಹತ್ತುತ್ತಿದ್ದರು. ಗೋವಾ ಎಂದರೆ ಸಮುದ್ರ ಎನ್ನುತ್ತಾರೆ. ಹದಿನಾಲ್ಕು ವರ್ಷದಲ್ಲಿ ಗಾಳೆವ್ವ ಅದನ್ನು ಎರಡು ಸಲ ನೋಡಿದಳು, ಎರಡನೆಯ ಸಲ ಚಪ್ಪಲಿ ಕಳೆದುಕೊಂಡು ಬಂದಳು. ತಗಡಿನ ಶೆಡ್ಡಿನಲ್ಲಿ ಆಕೆಗೆ ಎಲ್ಲಕ್ಕಿಂತ ಬೇಸರ ತರುತ್ತಿದ್ದದ್ದು ಬಾಜೂ ಮನೆಯೇ ಇಲ್ಲದಿರುವುದು. ಇಂದು ಪಕ್ಕದಲ್ಲಿದ್ದವರು ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ಕಟ್ಟಡಕ್ಕೆ ಹೋಗಿಬಿಡುತ್ತಿದ್ದರು.

ಹೋದ ವರ್ಷ ಅವರು ಗೋವಾಕ್ಕೆ ಹೋಗಲಿಲ್ಲ. ಗದಗ ದಾಟಿದರೆ ಸಿಗುವ ಒಂದು ವಿಶ್ವವಿದ್ಯಾಲಯದ ಆರೋಗ್ಯ ವಿಜ್ಞಾನ ಆವರಣದಿಂದ ಡಾಕ್ಟರ್ ನಿರ್ಮಲಾ ಎಂಬವರು ಊರಿಗೆ ಬಂದಿದ್ದರು. ಗಜೇಂದ್ರಗಡದ ಬಟ್ಟೆ ವ್ಯಾಪಾರಿಗಳ ಮನೆಯ ಮಗಳು, ಈಗ ಸಂಶೋಧನೆ ಮಾಡುವವರು. ಈ ಭಾಗದ ಹೆಂಗಸರಲ್ಲಿ ಕಬ್ಬಿಣಾಂಶದ ಗುಳಿಗೆ ನುಂಗಿದರೂ ರಕ್ತ ಸಾಕಷ್ಟು ಏರುವುದಿಲ್ಲ. ಗುಳಿಗೆಯ ಜೊತೆ ದಿನಕ್ಕೊಂದು ಅಳವಿ ಉಂಡೆ ತಿಂದರೆ ಏರುತ್ತದೆಯೇ ಎಂದು ನೋಡುವುದು ಅವರ ಕೆಲಸ. ಅಳವಿ ಎಂದರೆ ನಮ್ಮಲ್ಲಿ ಬಾಣಂತಿಯರಿಗೆ ತಿನ್ನಿಸುವ ಸಣ್ಣ ಕೆಂಪು ಕಾಳು. ಅದಕ್ಕೆ ಎಳ್ಳು, ಶೇಂಗಾ, ಬೆಲ್ಲ ಕೂಡಿಸಿ ಉಂಡೆ ಕಟ್ಟಬೇಕು. ಕಟ್ಟಲಿಕ್ಕೆ, ಹಂಚಲಿಕ್ಕೆ, ಮನೆ ಮನೆ ಹೊಕ್ಕು ವಿಚಾರಿಸಲಿಕ್ಕೆ ಊರಿನವಳೇ ಒಬ್ಬಳು ಬೇಕಾಗಿತ್ತು. ಎಲ್ಲರೂ ಗಾಳೆವ್ವನ ಕಡೆ ಬೆರಳು ತೋರಿಸಿದರು. ತಿಂಗಳ ಪಗಾರದ ಕೆಲಸ, ಅದೂ ತನ್ನ ಊರಲ್ಲಿ, ತನ್ನ ಮನೆಯಲ್ಲಿ ಮಲಗಿ ಎದ್ದು ಮಾಡುವುದು! ಗಾಳೆವ್ವ ಅಂದು ಓಣಿ ತುಂಬ ಸಕ್ಕರೆ ಹಂಚಿದಳು.

ರಕ್ತ ಕಡಿಮೆಯಿದ್ದ ಅರವತ್ತು ಹೆಂಗಸರು ಒಪ್ಪಿ ಮುಂದೆ ಬಂದರು. ಶಾಲೆಯ ಕಟ್ಟೆಯ ಮೇಲೆ ಚೀಟಿ ಎತ್ತಿಸಿದರು. ಗುಳಿಗೆ ಎಲ್ಲರಿಗೂ ಇತ್ತು, ಉಂಡೆ ಮಾತ್ರ ಮೂವತ್ತು ಮಂದಿಗೆ. ಮೂರು ತಿಂಗಳಾದ ಮೇಲೆ ಎರಡೂ ಗುಂಪಿನ ರಕ್ತ ನೋಡಿ ಹೋಲಿಸುವುದು, ಉಂಡೆ ಹಿಡಿಸಿತೆಂದರೆ ಉಳಿದವರಿಗೂ ಕೊಡುವುದು ಎಂದು ಮಾತಾಗಿತ್ತು. ಗಾಳೆವ್ವನ ಬಾಜೂ ಮನೆಯ ಮುಮತಾಜಬಿಗೆ ಉಂಡೆಯಿಲ್ಲದ ಚೀಟಿ ಬಂತು. ಆಕೆ ಚೀಟಿಯನ್ನು ಎರಡೂ ಕಡೆ ತಿರುವಿ ನೋಡಿ, "ನನ್ನ ನಸೀಬಿನಾಗ ಬರೇ ಗುಳಿಗಿ ಬರದೈತಿ ನೋಡು ಗಾಳೆಕ್ಕಾ" ಎಂದು ನಕ್ಕಳು.

ವಾರಕ್ಕೊಮ್ಮೆ ಏಳು ಉಂಡೆ ತುಂಬಿದ ಸ್ಟೀಲಿನ ಡಬ್ಬಿಯನ್ನು ಮನೆ ಮನೆಗೆ ಒಯ್ದು, ಹಳೆಯ ಡಬ್ಬಿ ತಿರುಗಿ ತರಬೇಕು. ಕೊಡುವಾಗ ಡಾಕ್ಟರ್ ಬರೆದುಕೊಟ್ಟ ಮಾತನ್ನು ತಪ್ಪದೆ ಹೇಳಬೇಕು. ಗಾಳೆವ್ವ ಅದನ್ನು ದೇವರ ಪದದ ಹಾಗೆ ಬಾಯಿಪಾಠ ಮಾಡಿದ್ದಳು.

"ಇದನ್ನ ನೀವ ತಿನ್ನಬೇಕ್ರಿ. ಗಂಡಗ ಕೊಡಬ್ಯಾಡ್ರಿ, ಮಕ್ಕಳಿಗೆ ಕೊಡಬ್ಯಾಡ್ರಿ, ಅತ್ತಿಗೆ ಕೊಡಬ್ಯಾಡ್ರಿ."

ಹೆಂಗಸರು ಕೊಡಲೂ ಇಲ್ಲ. ಜನ್ಮದಲ್ಲಿ ಮೊದಲ ಸಲ ಅತ್ತೆಗೆ ಇಲ್ಲದ ತಿನಿಸು ಸೊಸೆಗೆ ಬಂದಿತ್ತು, ಅದೂ ಸರಕಾರಿ ದವಾಖಾನೆಯವರಿಗಿಂತ ದೊಡ್ಡವರ ಹುಕುಮಿನ ಮೇಲೆ. ಕೆಲವರು ಅತ್ತೆಯ ಎದುರಿಗೇ ಕೂತು ಸಾವಕಾಶ ತಿಂದರು.

ತಿರುಗಿ ಬರುವ ಡಬ್ಬಿಗಳು ಮಾತ್ರ ಎಂದೂ ಖಾಲಿ ಇರುತ್ತಿರಲಿಲ್ಲ. ಒಂದರಲ್ಲಿ ಗುರೆಳ್ಳು ಚಟ್ನಿಪುಡಿ, ಒಂದರಲ್ಲಿ ಒಂದು ಹಿಡಿ ಹೆಸರು ಕಾಳು, ಒಂದರಲ್ಲಿ ಬಿಸಿ ಝುಣಕ. ಬೇಡವೆಂದರೆ, "ಖಾಲಿ ಡಬ್ಬಿ ಹ್ಯಾಂಗ ಕೊಡೂದವಾ?" ಎಂದು ಮೇಲಿನಿಂದ ಬೈಯುತ್ತಿದ್ದರು. ಪರಶಪ್ಪ ಸಂಜೆ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು, "ಇದು ಪಗಾರಕ್ಕಿಂತ ಚಲೋ ಐತಿ" ಎಂದು ರೊಟ್ಟಿ ಹಿಡಿದುಕೊಂಡು ಕೂಡುತ್ತಿದ್ದ. ಇದರಲ್ಲಿ ತಪ್ಪೇನಾದರೂ ಇದೆ ಎಂದು ಗಂಡನಿಗೂ ಹೊಳೆಯಲಿಲ್ಲ, ಹೆಂಡತಿಗೂ ಹೊಳೆಯಲಿಲ್ಲ.

ಮೂರು ತಿಂಗಳು ಮುಗಿದು ಬೆರಳು ಚುಚ್ಚಿ ರಕ್ತ ನೋಡಿದರು. ವಾರದ ನಂತರ ಬಸವಪ್ರಸಾದ ಬಂದ. ಆತ ಡಾಕ್ಟರರ ಕೈಕೆಳಗೆ ಅಂಕಿಸಂಖ್ಯೆಯ ಕೆಲಸ ನೋಡುವ ತರುಣ. ಆತನ ಮುಖ ಇಳಿದುಹೋಗಿತ್ತು.

"ಎರಡೂ ಗುಂಪಿನಾಗ ರಕ್ತ ಏರೈತಿ ಗಾಳೆವ್ವಾರ. ಉಂಡಿ ತಿಂದವರಿಗೂ ತಿನ್ನದವರಿಗೂ ಫರಕ ಇಲ್ಲ. ಅಂದ್ರ ಉಂಡಿಯಿಂದ ಏನೂ ಆಗಿಲ್ಲ ಅಂತ ಅರ್ಥ. ಬರೂ ಸೋಮವಾರ ಹಂಗ ಬರದು ಅಧ್ಯಯನ ಮುಗಸ್ತೀವಿ."

ಅಧ್ಯಯನ ಮುಗಿದರೆ ಕೆಲಸವೂ ಮುಗಿಯಿತು. ಮುಕಾದಮ ಆಗಲೇ ಫೋನು ಮಾಡತೊಡಗಿದ್ದ. ಗಾಳೆವ್ವನಿಗೆ ಅದರ ಚಿಂತೆ ಒಂದು ಕಡೆ, ಉಂಡೆಯ ಸಿಟ್ಟು ಇನ್ನೊಂದು ಕಡೆ. ತನ್ನ ಕೈಯಾರೆ ಹುರಿದು ಕುಟ್ಟಿ ಕಟ್ಟಿದ ಉಂಡೆಗೆ ಗುಣವಿಲ್ಲ ಎಂದು ಯಾವನೋ ಬರೆಯುವುದೆಂದರೇನು ಎಂದು ಅವಳ ಮೈ ಉರಿಯಿತು.

ಆ ಉರಿಯಲ್ಲೇ ಮರುದಿನ ಉಳಿದ ಗುಳಿಗೆ ಹಂಚಲಿಕ್ಕೆ ರಮಾಬಾಯಿಯ ಮನೆಗೆ ಹೋದಳು. ರಮಾಬಾಯಿಯದೂ ಉಂಡೆಯಿಲ್ಲದ ಚೀಟಿ. ಆಕೆ, "ಬಿಸಲಾಗ ಬಂದೀಯವಾ, ಬಾಯಿ ಸಿಹಿ ಮಾಡ್ಕೊ" ಎಂದು ತಟ್ಟೆಯಲ್ಲಿ ಒಂದು ಉಂಡೆಯಿಟ್ಟು ನೀರು ಕೊಟ್ಟಳು. ಗಾಳೆವ್ವ ಅರ್ಧ ತಿಂದಳು. ಆಮೇಲೆ ಕೈಯಲ್ಲಿ ಉಳಿದರ್ಧ ನೋಡಿದಳು. ಅದರ ಮೇಲೆ ಮೂರು ಬೆರಳಿನ ಗುರುತಿತ್ತು. ಬೆರಳು ಅವಳದೇ.

"ಇದು ಎಲ್ಲಿಂದ ಬಂತ ರಮಾಬಾಯಿ?"

"ಉಂಡಿ ಚೀಟಿ ಬಂದಿತ್ತಲ್ಲ, ಬಾಜೂ ಮನಿ ಸಿದ್ದವ್ವ, ಆಕಿ ಕೊಟ್ಟಾಳ. ನಾ ಆಕಿಗೆ ಹಿಟ್ಟಿನ ಪಲ್ಯೆ ಕಳಸಿದ್ದೆ, ಡಬ್ಬಿ ತಿರುಗಿ ಕೊಡಬೇಕಾದ್ರ ಮೂರ ಉಂಡಿ ಇಟ್ಟಾಳ. ವಾರಾ ಇಡ್ತಾಳ. ಗಂಡಗ ಕೊಡಬ್ಯಾಡ, ಮಕ್ಕಳಿಗೆ ಕೊಡಬ್ಯಾಡ, ಅತ್ತಿಗೆ ಕೊಡಬ್ಯಾಡ ಅಂತ ನೀನ ಹೇಳಿದ್ದೆಂತ. ಆಕಿ ಯಾರಿಗೂ ಕೊಟ್ಟಿಲ್ಲ, ನನಗ ಅಷ್ಟ ಕೊಟ್ಟಾಳ."

ಗಾಳೆವ್ವ ಉಳಿದರ್ಧವನ್ನೂ ತಿಂದಳು. ಎಂಜಲು ಮಾಡಿದ್ದನ್ನು ಬಿಟ್ಟು ಏಳುವಂತಿರಲಿಲ್ಲ. ದಾರಿಯಲ್ಲಿ ಅವಳ ಕಾಲು ತಾವೇ ನಿಂತವು. ರಮಜಾನಿಗೆ ಮುಮತಾಜಬಿ ಕಳಿಸಿದ ಸುರಕುಂಬ ಶಾವಿಗೆ ಪಾಯಸದ ಪಾತ್ರೆ ನೆನಪಾಯಿತು. ಅದನ್ನು ತಿರುಗಿ ಕೊಡುವಾಗ ಏನಿಟ್ಟಿದ್ದೆ? ಕಟ್ಟುವಾಗ ಒಡೆದುಹೋದ ಉಂಡೆಗಳನ್ನು. ಆಮೇಲೆ ಚಹಾಪುಡಿಯ ಡಬ್ಬಿ, ಆಮೇಲೆ ಮೊಸರಿನ ಗಡಿಗೆ. ಮುರುಕು ಉಂಡೆ ಉಂಡೆಯಲ್ಲ ಎಂದುಕೊಂಡಿದ್ದಳು. ಹೊಟ್ಟೆಗೆ ಆ ಭೇದ ಎಲ್ಲಿ ಗೊತ್ತು? ನೀರಿನ ಟಾಕಿಯ ಏರು ಹತ್ತುವಾಗ ಎರಡು ಸಲ ಕೂಡುತ್ತಿದ್ದ ಮುಮತಾಜಬಿ ಈಗ ತಲೆಯ ಮೇಲೊಂದು ಸೊಂಟದ ಮೇಲೊಂದು ಕೊಡ ಇಟ್ಟುಕೊಂಡು ಹಾಡು ಗುನುಗುತ್ತ ಹತ್ತುತ್ತಿದ್ದಳು.

ಅಂದಿನಿಂದ ಆ ನಾಲ್ಕು ದಿನ. ಹೇಳಿದರೆ ಅಧ್ಯಯನ ಕೆಡಿಸಿದವಳು ಇವಳೇ ಎಂದು ಮುಂದೆ ಯಾವ ಕೆಲಸಕ್ಕೂ ಕರೆಯುವುದಿಲ್ಲ, ಊರಿಗೂ ಕೆಟ್ಟ ಹೆಸರು. ಹೇಳದಿದ್ದರೆ ಒಳ್ಳೆಯ ಉಂಡೆ ಕೆಲಸಕ್ಕೆ ಬಾರದ್ದೆಂದು ಕಾಗದದ ಮೇಲೆ ಕೂಡುತ್ತದೆ, ಮತ್ತೆ ಯಾವ ಊರಿಗೂ ಬರುವುದಿಲ್ಲ. ಗಾಳೆವ್ವ ಸುಮ್ಮನಿರುವುದನ್ನು ನೋಡಿ ಮಂದಿ ಜ್ವರ ಬಂದಿದೆಯೇನು ಎಂದು ಕೇಳಿದರು. ಸೋಮವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಗಂಡನ ಮುಂದೆ ಬಿಚ್ಚಿಟ್ಟಳು.

"ಹೇಳಿದ್ರ ಮುಂದ ಯಾವ ಕೆಲಸಕ್ಕೂ ಕರಿಯೂದಿಲ್ಲ" ಎಂದಳು.

ಪರಶಪ್ಪ ಕಡಿಮೆ ಮಾತಿನವ. ಮನೆಯ ಮಾತನ್ನೆಲ್ಲ ಹೆಂಡತಿಯೇ ಆಡಿ ಮುಗಿಸುತ್ತಿದ್ದುದರಿಂದ ಅವನ ಪಾಲಿಗೆ ಹೆಚ್ಚು ಉಳಿದಿರಲಿಲ್ಲ. ಗೂಟದ ಮೇಲಿನ ಆಕೆಯ ಚೀಲ ತೆಗೆದು ಕೈಗೆ ಕೊಟ್ಟ. "ಬಸ್ಸಿನ ಹೊತ್ತಾತು, ಲಗೂ ನಡಿ."

ಗಜೇಂದ್ರಗಡಕ್ಕೆ ಒಂದು ಬಸ್ಸು, ಗದಗಿಗೆ ಒಂದು, ಅಲ್ಲಿಂದಾಚೆ ಒಂದು. ಆವರಣದ ಗೇಟಿನಲ್ಲಿ ಕಾವಲಿನವ ಯಾರು ಎಂದು ಕೇಳಿದ್ದಕ್ಕೆ, "ಸಂಶೋಧನಿಯವರು" ಎಂದು ಹೇಳಿ ಒಳಗೆ ಹೋದಳು. ಎರಡನೆಯ ಮಾಳಿಗೆಯ ಕೋಣೆಯಲ್ಲಿ ಡಾಕ್ಟರ್ ನಿರ್ಮಲಾ, ಬಸವಪ್ರಸಾದ ಇಬ್ಬರೂ ಕಂಪ್ಯೂಟರಿನ ಮುಂದೆ ಕೂತಿದ್ದರು. ಅವರು ಕುರ್ಚಿ ತೋರಿಸಿದರೂ ಗಾಳೆವ್ವ ಕೂಡಲಿಲ್ಲ.

"ಬಾಯಾರ, ಬರೀಬ್ಯಾಡ್ರಿ. ಉಂಡಿ ಎರಡೂ ಗುಂಪಿನವರು ತಿಂದಾರ್ರಿ. ಡಬ್ಬಿ ಖಾಲಿ ಕೊಡಬಾರದಂತ ಬಾಜೂ ಮನಿಗೆ ಕೊಟ್ಟಾರ. ನಾನೂ ಕೊಟ್ಟೀನ್ರಿ, ಮುಮತಾಜಬಿಗೆ. ಮುರುಕು ಉಂಡಿ. ತಪ್ಪಾತು."

ಬಸವಪ್ರಸಾದ ತಲೆ ಮೇಲೆ ಕೈಯಿಟ್ಟುಕೊಂಡ. "ಮೂರ ತಿಂಗಳಿಂದು ನೀರಾಗ ಹೋತಲ್ರಿ!"

ಡಾಕ್ಟರ್ ನಿರ್ಮಲಾ ಮೇಜಿನ ಮೇಲೆ ಹಣೆಯಿಟ್ಟು ನಗಲಿಕ್ಕೆ ಹತ್ತಿದರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ತಪ್ಪು ನಿಮ್ಮದಲ್ಲ ಗಾಳೆಕ್ಕಾ. ಗಜೇಂದ್ರಗಡದಾಗ ಹುಟ್ಟಿ ಬೆಳದಾಕಿ ನಾನು. ನಮ್ಮವ್ವ ಒಂದ ದಿನಾ ಯಾರ ಮನಿ ಡಬ್ಬಿ ಖಾಲಿ ಕೊಟ್ಟಾಕಿ ಅಲ್ಲ. ಗಂಡ, ಮಕ್ಕಳು, ಅತ್ತಿ ಅಂತ ಎಲ್ಲಾರನ್ನೂ ನೆನಪ ಇಟ್ಟು ಬರದೆ. ಬಾಜೂ ಮನಿ ಒಂದ ಮರತೆ. ಓದಿ ಓದಿ ನಮ್ಮ ಓಣಿನ ಮರತೆ ನೋಡ್ರಿ!"

ಗಾಳೆವ್ವ ಆಗ ಕುರ್ಚಿಯ ನೆನಪಾಗಿ ಕೂತಳು. ಯಾರು ಯಾರಿಗೆ ಕೊಟ್ಟಿರಬಹುದು ಎಂದು ಡಾಕ್ಟರ್ ಕೇಳಿದರು. ಕೇಳಬಾರದಿತ್ತು. ಯಾರ ಮನೆಯ ಪಲ್ಯೆ ಯಾರ ಮನೆಗೆ ಹೋಗುತ್ತದೆ, ಯಾರ ಯಾರ ಮಧ್ಯೆ ಮಾತು ಬಿಟ್ಟಿದೆ, ಮಾತು ಬಿಟ್ಟರೂ ಯಾರು ಹಿತ್ತಲ ಬಾಗಿಲಿನಿಂದ ಉಪ್ಪಿನಕಾಯಿ ಕೊಡುತ್ತಾರೆ, ಅರವತ್ತೂ ಮನೆಯದನ್ನು ಗಾಳೆವ್ವ ಉಸಿರು ಬಿಡದೆ ಹೇಳಿದಳು. ನಾಲ್ಕು ದಿನ ತಡೆದಿಟ್ಟ ಮಾತೂ ಅದರ ಜೊತೆ ಹರಿದು ಬಂತು. ಬಸವಪ್ರಸಾದ ದೊಡ್ಡ ಹಾಳೆಯ ಮೇಲೆ ಗೆರೆ ಎಳೆದೆಳೆದು ಸೋತ. ಊಟದ ಹೊತ್ತು ಮೀರಿದ್ದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಐದು ಮನೆಗಳು ಮಾತ್ರ ಯಾವ ಗೆರೆಯೂ ತಾಗದೆ ಉಳಿದವು. ಉಂಡೆಯಿಲ್ಲದ ಚೀಟಿಯವರು, ಊರ ಹೊರಗೆ ಹೊಲದಲ್ಲಿ ಮನೆ ಮಾಡಿಕೊಂಡವರು, ಬಾಜೂ ಮನೆಯೇ ಇಲ್ಲದವರು. ಬಸವಪ್ರಸಾದ ಅವರ ರಕ್ತದ ಅಂಕಿ ತೆಗೆದು ನೋಡಿದ. ಐದೂ ಮಂದಿಗೆ ಒಂಚೂರು ಏರಿದ್ದು ಬಿಟ್ಟರೆ ಇದ್ದಲ್ಲೇ ಇತ್ತು.

"ಐದ ಮಂದಿ ಮ್ಯಾಲೆ ಏನೂ ಹೇಳಾಕ ಬರೂದಿಲ್ರಿ" ಎಂದ, ಆದರೆ ಅವನ ಮುಖಕ್ಕೆ ಕಳೆ ಬಂದಿತ್ತು. "ಆದ್ರ ಮತ್ತೊಮ್ಮೆ ನೋಡೂದಕ್ಕ ಇಷ್ಟು ಸಾಕು."

ಹೊಸ ಅಧ್ಯಯನದ ಬರಹ ತಯಾರಾಯಿತು. ಈ ಸಲ ಒಂದೇ ಊರಿನ ಮನೆಗಳನ್ನು ಬೇರೆ ಮಾಡುವುದಲ್ಲ, ಊರಿಗೆ ಊರೇ ಒಂದು ಗುಂಪು. ಹತ್ತು ಊರು, ಐದಕ್ಕೆ ಈಗ ಉಂಡೆ, ಉಳಿದ ಐದಕ್ಕೆ ಎಂಟು ತಿಂಗಳ ನಂತರ. ಊರು ಆರಿಸುವಾಗ ಗಾಳೆವ್ವ ನಾಲ್ಕನ್ನು ಹೊಡೆದು ಹಾಕಿದಳು, ಅವುಗಳ ಮಧ್ಯೆ ಬೀಗತನ ಬಹಳ, ಬುತ್ತಿ ಬಸ್ಸಿನಲ್ಲೇ ಓಡಾಡುತ್ತದೆ ಎಂದು. ಮೆಣಸಗಿ ಒಂದು ಗುಂಪಿಗೆ, ದೂರದ ಕೊಣ್ಣೂರು ಇನ್ನೊಂದಕ್ಕೆ, ಹೀಗೆ ಆರಿಸಿದರು.

ಸಂಶೋಧನೆಯಲ್ಲಿ ಮಂದಿಗೆ ಅನ್ಯಾಯವಾಗದಂತೆ ನೋಡುವ ಒಂದು ಸಮಿತಿ ಆವರಣದಲ್ಲಿದೆ. ಅದರ ಒಪ್ಪಿಗೆಯಿಲ್ಲದೆ ಏನೂ ಶುರುವಾಗುವುದಿಲ್ಲ. ಡಾಕ್ಟರ್ ನಿರ್ಮಲಾ ಗಾಳೆವ್ವನನ್ನು ಅಲ್ಲಿಗೂ ಕರೆದೊಯ್ದರು. ಉದ್ದ ಮೇಜು, ಒಂಬತ್ತು ಮಂದಿ. ಹಿರಿಯರೊಬ್ಬರು ಕನ್ನಡಕ ಕೆಳಗಿಳಿಸಿ ಗಾಳೆವ್ವನನ್ನೇ ಕೇಳಿದರು.

"ಇಷ್ಟೆಲ್ಲ ಯಾಕಮ್ಮ? ಬಾಜೂ ಮನೆಗೆ ಕೊಡಬೇಡಿ ಎಂದು ಹೇಳಿದರೆ ಆಗುವುದಿಲ್ಲವೇ?"

ಗಾಳೆವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಹೇಳಬಹುದ್ರಿ ಸಾಹೇಬ್ರ. ಅವರೂ ಹೂಂ ಅಂತಾರ. ಆದ್ರ ನಿಮ್ಮ ಅಧ್ಯಯನ ಎಂಟ ತಿಂಗಳದ್ದು, ಬಾಜೂ ಮನಿ ಸಾಯೂ ತನಕದ್ದು. ಎಂಟ ತಿಂಗಳದ ಸಲುವಾಗಿ ಸಾಯೂ ತನಕದ್ದನ್ನ ಬಿಡ್ರಿ ಅಂತ ನಾ ಹ್ಯಾಂಗ ಹೇಳ್ಲಿ?"

ಹಿರಿಯರು ಕನ್ನಡಕ ಏರಿಸಿಕೊಂಡು ಮೊದಲ ಸಹಿ ತಾವೇ ಮಾಡಿದರು.

ಹೊರಗೆ ಬಂದಾಗ ಡಾಕ್ಟರ್ ನಿರ್ಮಲಾ ಒಂದು ಕಾಗದ ಕೊಟ್ಟರು. ಎರಡು ವರ್ಷದ ಕೆಲಸ, ಹತ್ತೂ ಊರಿನ ಮೇಲ್ವಿಚಾರಣೆ. ಗಾಳೆವ್ವ ಅದನ್ನು ಎರಡು ಸಲ ಓದಿದಳು. ಅಲ್ಲೇ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನು ಹಚ್ಚಿದಳು. ಪರಶಪ್ಪ ಸಿಕ್ಕ.

"ಕೆಲಸ ಉಳೀತು ನೋಡ್ರಿ! ಮುಕಾದಮಗ ಫೋನ್ ಮಾಡಿ ಹೇಳ್ರಿ, ಇನ್ನ ಗೋವಾಕ್ಕ ಬರೂದಿಲ್ಲ ಅಂತ."

"ಹೇಳೀನಿ" ಎಂದ ಪರಶಪ್ಪ.

"ಯಾವಾಗ ಹೇಳಿದ್ರಿ? ನನಗ ಈಗಿನ್ನ ಕಾಗದ ಕೊಟ್ಟಾರ."

"ಆವತ್ತ ಸೋಮವಾರ, ನೀ ಬಸ್ಸ ಹತ್ತಿದ ಕೂಡ್ಲೆ ಹೇಳಿದೆ. ಕೇಳದ ಬಂದು ಖರೇ ಹೇಳಾಕಿನ್ನ ಬಿಟ್ಟು ಅವರು ಮತ್ಯಾರನ್ನ ಇಟಗೋತಾರ?"

ಇಷ್ಟು ಉದ್ದದ ಮಾತನ್ನು ಪರಶಪ್ಪ ಒಂದೇ ಉಸಿರಿನಲ್ಲಿ ಆಡಿದ್ದನ್ನು ಗಾಳೆವ್ವ ಅದುವರೆಗೆ ಕೇಳಿರಲಿಲ್ಲ. "ಇನ್ನೊಮ್ಮೆ ಹೇಳ್ರಿ" ಎಂದು ಫೋನನ್ನು ಇನ್ನೊಂದು ಕಿವಿಗೆ ಹಚ್ಚಿದಳು.