ನಾನೇ ಅಕ್ಕ ಸರಕಾರವಾದದ್ದು

ನಮ್ಮ ಸೋದರತ್ತೆಯನ್ನು ಅವಳ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವಳು ‘ನಾನೇ ಅಕ್ಕ’. ಭಾರ ಹೊತ್ತು ಬರುವಾಗ ಯಾರಾದರೂ ಕೈ ಕೊಡಲು ಬಂದರೆ, ಅಂಗಡಿಯ ಷಟರ್ ಎಳೆಯಲು ಯಾರಾದರೂ ಬಗ್ಗಿದರೆ, ಅವಳ ಬಾಯಿಂದ ಬರುತ್ತಿದ್ದುದು ಒಂದೇ ಮಾತು: “ಬಿಡಿ, ನಾನೇ ಮಾಡ್ಕೋತೀನಿ.” ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂಬ ಗಾದೆಯನ್ನು ಅವಳು ಅಕ್ಷರ ಬಿಡದೆ ನಂಬಿದ್ದಳು. ಮಕ್ಕಳೂ ಇರಲಿಲ್ಲ, ಆಳೂ ಇರಲಿಲ್ಲ. ಹಾಗಾಗಿ ಉತ್ತಮವೊಂದೇ ಉಳಿದಿತ್ತು.

ಅವಳದು ಸ್ಕೂಟರು, ಬಸ್ಸುಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ. ಮೇಲೆ ಒಂದೇ ಕೋಣೆಯ ಮನೆ. ಕೆಳಗೆ ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಅಟ್ಟದಿಂದ ಇಣುಕುವ ಸ್ಪಂಜು, ಬಾಗಿಲಲ್ಲೇ ಮೂಗಿಗೆ ಬಡಿಯುವ ಅಂಟಿನ ಘಾಟು. ನಮ್ಮ ಮಾವ ತೀರಿಕೊಂಡ ಮೇಲೆ ಯಂತ್ರವನ್ನು ಮಾರಿಬಿಡು ಎಂದು ನಾಲ್ಕು ಜನ ಹೇಳಿದರು. ಅವಳು ಸೂಜಿ ಬದಲಾಯಿಸಿ, ಎಣ್ಣೆ ಬಿಟ್ಟು, ಅರ್ಧಕ್ಕೆ ನಿಂತಿದ್ದ ಬಸ್ಸಿನ ಸೀಟನ್ನು ಮುಗಿಸಿಕೊಟ್ಟಳು.

ಎದುರು ಮನೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದರು. ನಮ್ಮತ್ತೆಗೆ ತನ್ನ ಕೈಯ ಮೇಲೆ ಎಷ್ಟು ನಂಬಿಕೆಯೋ ಅವರಿಗೆ ಸರಕಾರದ ಮೇಲೆ ಅಷ್ಟು ನಂಬಿಕೆ. ನಲ್ಲಿ ಸೋರಿದರೆ ಅರ್ಜಿ, ನಾಯಿ ಬೊಗಳಿದರೆ ಅರ್ಜಿ. ಮಾವ ಹೋದ ಹೊಸತರಲ್ಲಿ ವಿಧವಾ ವೇತನಕ್ಕೆ ಅರ್ಜಿ ಹಾಕೋಣವೆಂದು ಅವರೇ ಒಳ್ಳೆಯ ಮನಸ್ಸಿನಿಂದ ಬಂದು ಕೇಳಿದ್ದರು.

“ವಿಧವೆ ಆಗಿರೋದು ಒಂದು ಉದ್ಯೋಗವಾ ಮೇಷ್ಟ್ರೇ, ವೇತನ ಕೊಡೋಕೆ?” ಎಂದು ಅತ್ತೆ ಕೇಳಿದಳು.

ಮೇಷ್ಟ್ರು ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾದರು. ಆದರೆ ವಾದ ನಿಲ್ಲಲಿಲ್ಲ. ಬೀದಿಯ ಈ ಬದಿಯಿಂದ ಆ ಬದಿಗೆ ವರ್ಷಗಟ್ಟಲೆ ನಡೆಯಿತು. ಸರಕಾರವೆಂದರೆ ಬೇರೆ ಯಾರೋ ಅಲ್ಲ, ನಾವೇ ಎಂದು ಅವರು ಪಾಠದ ಧಾಟಿಯಲ್ಲಿ ಹೇಳುವರು. ನಾವೇ ಆದರೆ ಒಂದು ಸಲಿಕೆ ಹಿಡಿದು ಬನ್ನಿ ಎಂದು ಇವಳು ಹೇಳುವಳು. ಸಲಿಕೆಯ ಮಾತು ಬಂದ ಕೂಡಲೇ ಮೇಷ್ಟ್ರಿಗೆ ಸೊಂಟನೋವು ನೆನಪಾಗುತ್ತಿತ್ತು.

ಹೀಗಿರುವಾಗ ಬೀದಿಯ ತಿರುವಿನಲ್ಲಿ ಚರಂಡಿಯ ಚಪ್ಪಡಿ ಮುರಿದುಬಿತ್ತು. ಮೇಷ್ಟ್ರು ಅರ್ಜಿ ಬರೆದರು. ಉಳಿದವರು ಗುಂಡಿಯಲ್ಲಿ ಒಂದು ಮರದ ಕೊಂಬೆ ನೆಟ್ಟರು. ಕೊಂಬೆ ಒಣಗಿದಾಗ ಹೊಸ ಕೊಂಬೆ ನೆಡುವುದಷ್ಟೇ ಬೀದಿಯವರು ಕೈಗೊಂಡ ಕ್ರಮ. ಕೊನೆಗೊಂದು ದಿನ ಮೂಲೆಯ ಬ್ರೆಡ್ ಅಂಗಡಿಯವನು ಸೈಕಲ್ ಸಮೇತ ಒಳಗೆ ಇಳಿದ. ಅವನಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಬ್ರೆಡ್ಡುಗಳು ಮಾತ್ರ ಚರಂಡಿಯಲ್ಲಿ ಒಂದರ ಹಿಂದೊಂದು ಮೆರವಣಿಗೆ ಹೋದವು.

ಅತ್ತೆ ಅಂದೇ ಸಂಜೆ ಹಳೆಯ ಬಸ್ ಸೀಟಿನ ಕಬ್ಬಿಣದ ಚೌಕಟ್ಟನ್ನು ಕತ್ತರಿಸಿ ನೆಲಕ್ಕೆ ಹರಡಿದಳು. ಸುತ್ತ ಹಲಗೆ ಕಟ್ಟಿ, ಜಲ್ಲಿ ಸಿಮೆಂಟು ಕಲಸಿ ಸುರಿದು, ಒದ್ದೆ ಗೋಣಿಚೀಲ ಹೊದಿಸಿ, ಹೊತ್ತು ಹೊತ್ತಿಗೆ ನೀರು ಹಾಕಿದಳು. ಗಟ್ಟಿಯಾದ ಮೇಲೆ ಅಡಿಗೆ ಪೈಪಿನ ತುಂಡುಗಳನ್ನಿಟ್ಟು, ಹಾರೆಯಿಂದ ಮೀಟಿ ಮೀಟಿ ತಿರುವಿನವರೆಗೆ ಉರುಳಿಸಿದಳು. ಕುಂಟುತ್ತಲೇ ಕೈ ಹಾಕಲು ಬಂದ ಬ್ರೆಡ್ಡಿನವನಿಗೆ ಸಿಕ್ಕಿದ್ದು ಮಾಮೂಲಿ ಉತ್ತರ. ಚಪ್ಪಡಿ ಕೂತ ಮೇಲೆ ಅದರ ಮೇಲೆ ಲಾರಿ ಹೋದರೂ ಅಲುಗಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೆಚ್ಚುಗೆ ಅವಳ ತಲೆಗೇರಿತೆಂದು ನಾನು ಹೇಳಲಾರೆ, ಆದರೆ ಕೈಗೇರಿದ್ದು ನಿಜ. ಬೀದಿದೀಪ ಕೆಟ್ಟು ಎಷ್ಟೋ ಕಾಲವಾಗಿತ್ತು. ತನ್ನ ಮಹಡಿಯಿಂದ, ತನ್ನ ಮೀಟರಿನಿಂದಲೇ ವೈರೆಳೆದು ಒಂದು ದೊಡ್ಡ ಬಲ್ಬು ನೇತುಹಾಕಿದಳು. ಬೀದಿಯ ಕೊನೆಯ ಮೆಟ್ಟಿಲುಗಳಿಗೆ ಹಿಡಿದು ಹತ್ತಲು ಕಬ್ಬಿಣದ ಕಂಬಿ ಹಾಕಿದಳು. ನಾನು ಆಗ ಹತ್ತಿರದ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದೆ, ಸಂಜೆ ಅಲ್ಲಿಗೆ ಹೋಗಿ ಬರುತ್ತಿದ್ದೆ. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅಂತಾರಲ್ಲ ಅತ್ತೆ, ಎಂದೆ. ಅವಳು ದಬ್ಬಣಕ್ಕೆ ನೂಲು ಪೋಣಿಸಿ ಹೊಲಿಗೆ ಮುಂದುವರಿಸಿದಳು.

ಮೊದಲ ತಿಂಗಳು ಜನ ಅವಳನ್ನು ಹೊಗಳಿದರು. ಆಮೇಲೆ ಕೇಳಿಕೊಳ್ಳತೊಡಗಿದರು. ಆಮೇಲೆ ದೂರತೊಡಗಿದರು. ಬಲ್ಬಿನ ಬೆಳಕು ನೇರವಾಗಿ ಮಲಗುವ ಕೋಣೆಗೆ ಬೀಳುತ್ತದೆ, ನಿದ್ದೆಯಿಲ್ಲ ಎಂದು ಒಬ್ಬಾಕೆ ಬಂದಳು. ಪಕ್ಕದ ಮನೆಯಾಕೆ ಬಂದು, ಬೆಳಕು ತಮ್ಮ ಬಾಗಿಲಿಗೆ ಬರುವುದೇ ಇಲ್ಲ, ಇದು ಪಕ್ಷಪಾತ ಎಂದಳು. ಮೆಟ್ಟಿಲಿನ ಕಂಬಿ ಬಿಸಿಲಿಗೆ ಸುಡುತ್ತದಂತೆ. ಚಪ್ಪಡಿ ಗಟ್ಟಿಯಾದ ಮೇಲೆ ಸ್ಕೂಟರಿನವರು ಆ ತಿರುವಿನಲ್ಲಿ ವೇಗ ಇಳಿಸುವುದೇ ಇಲ್ಲವಂತೆ, ಹಿಂದೆ ಕೊಂಬೆಯಿದ್ದಾಗಲೇ ವಾಸಿಯಂತೆ. ಬೀದಿಯವರು ಅತ್ತೆಯ ಅಂಗಡಿಗೆ ಹೊರಟರೆ ‘ಆಫೀಸಿಗೆ ಹೋಗಿ ಬರ್ತೀನಿ’ ಎನ್ನುವುದು ರೂಢಿಯಾಯಿತು. ತಮ್ಮ ಮನೆಯೆದುರಿನ ಕಸವನ್ನೂ ಜನ ಮುಟ್ಟುತ್ತಿರಲಿಲ್ಲ. ನಾನೇ ಅಕ್ಕ ನೋಡ್ಕೋತಾರೆ.

ಒಂದು ಸಲ ಅವಳು ರೆಕ್ಸಿನ್ ತರಲು ಬೇರೆ ಊರಿಗೆ ಹೋಗಿದ್ದಾಗ ಬಲ್ಬು ಸುಟ್ಟಿತು. ಅವಳು ಬಂದು ಅಂಗಡಿ ತೆರೆದು, ಸ್ಪಂಜುಗಳಿಗೆ ಅಂಟು ಬಳಿದು ಹೊರಗೆ ಹಲಗೆಯ ಮೇಲೆ ಸಾಲಾಗಿಟ್ಟು, ಒಳಗೆ ರೆಕ್ಸಿನ್ ಕತ್ತರಿಸುತ್ತಿದ್ದಳು. ಹೊರಗೆ ಗದ್ದಲವಾಯಿತು. ಬ್ರೆಡ್ಡಿನವನ ಮುಂದಾಳತ್ವದಲ್ಲಿ ಬೀದಿಯ ಗಂಡಸರು ಧರಣಿ ಕೂತಿದ್ದರು. ಮೇಷ್ಟ್ರು ಎದುರು ನಿಂತು, ‘ನಾನೇ ಅಕ್ಕನವರ ಸನ್ನಿಧಾನಕ್ಕೆ’ ಎಂದು ಶುರುವಾಗುವ ಅರ್ಜಿಯನ್ನು ಓದುತ್ತಿದ್ದರು. ಬೀದಿ ಕತ್ತಲಾಗಿರುವುದಕ್ಕೆ ಯಾರು ಹೊಣೆ ಎಂಬುದು ಅದರ ಸಾರ.

ಅತ್ತೆ ಅರ್ಜಿಯ ಕಡೆ ನೋಡಲೇ ಇಲ್ಲ. ಧರಣಿಯವರು ಕೂತಿದ್ದುದನ್ನು ನೋಡಿದಳು.

“ಎದ್ದೇಳಿ,” ಎಂದಳು.

“ನ್ಯಾಯ ಸಿಗೋವರೆಗೂ ಏಳಲ್ಲ ಅಕ್ಕ,” ಎಂದ ಬ್ರೆಡ್ಡಿನವನು.

“ಈಗ ಏಳ್ದೇ ಇದ್ರೆ ನ್ಯಾಯ ಸಿಕ್ಕಮೇಲೂ ಏಳೋಕಾಗಲ್ಲ. ನೀವು ಕೂತಿರೋದು ಅಂಟಿನ ಮೇಲೆ.”

ಧರಣಿ ಕೂತವರನ್ನು ಎಬ್ಬಿಸುವುದು ಯಾವ ಸರಕಾರಕ್ಕೂ ಕಷ್ಟವೇ. ಇಲ್ಲಿ ಅವರು ತಾವಾಗಿಯೇ ಏಳಬಯಸಿದರೂ ಸ್ಪಂಜುಗಳು ಬಿಡಲೊಲ್ಲವು. ಇಬ್ಬರು ಸ್ಪಂಜಿನ ಸಮೇತ ಮನೆಗೆ ಹೋದರು. ಬ್ರೆಡ್ಡಿನವನ ಪ್ಯಾಂಟಿನ ಹಿಂಭಾಗದ ದೊಡ್ಡ ತುಂಡು ಸ್ಪಂಜಿನ ಮೇಲೇ ಉಳಿಯಿತು. ಮಧ್ಯಾಹ್ನ ಅವನು ಲುಂಗಿಯಲ್ಲಿ ಬಂದು, ಪ್ಯಾಂಟಿಗೆ ಪರಿಹಾರ ಏನಾದರೂ ಇದೆಯೇ ಎಂದು ವಿಚಾರಿಸಿದ. ಅತ್ತೆ ಅವನ ಕೈಗೆ ಒಂದು ತುಂಡು ಕಂದು ಬಣ್ಣದ ರೆಕ್ಸಿನ್ ಕೊಟ್ಟು ಕಳಿಸಿದಳು.

ಈ ಸುದ್ದಿ ಪುರಸಭೆಯ ಕಚೇರಿಗೂ ಮುಟ್ಟಿತು. ಅಲ್ಲಿಂದ ಎಂಜಿನಿಯರು ಬಂದಾಗ ದಂಡ ಹಾಕುತ್ತಾನೆಂದು ಎಲ್ಲರೂ ಅಂದುಕೊಂಡರು. ಆತ ನಗುಮುಖದವನು. ಚಪ್ಪಡಿಯ ಮೇಲೆ ಎರಡು ಸಲ ಕುಪ್ಪಳಿಸಿದ. ಮೆಟ್ಟಿಲಿನ ಕಂಬಿ ಅಲ್ಲಾಡಿಸಿದ. ಭೇಷ್ ಎಂದ. ಅತ್ತೆಗೆ ಕೈಮುಗಿದು ಹೋದ. ಅವನ ಮೆಚ್ಚುಗೆಯ ಅರ್ಥ ತಿಳಿದದ್ದು ಮುಂದಿನ ವಾರ. ಹಿಂದಿನ ಬೀದಿಯವರು ಗುಂಪಾಗಿ ಬಂದರು. ಅವರಲ್ಲಿ ನೆಲದಡಿಯ ನೀರಿನ ಪೈಪು ಒಡೆದಿತ್ತು. ಕಚೇರಿಗೆ ಹೋಗಿ ಹೇಳಿದ್ದಕ್ಕೆ, ಸೀಟ್ ಕವರ್ ಅಂಗಡಿಯ ಅಮ್ಮನನ್ನು ಕೇಳಿ ನೋಡಿ, ಅವರು ಬೇಗ ಮಾಡಿಕೊಡ್ತಾರೆ ಎಂದು ಕಳಿಸಿದ್ದರಂತೆ.

ಅತ್ತೆ ಕೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು. ಎದುರು ಮನೆಗೆ ಹೋಗಿ ಮೇಷ್ಟ್ರ ಬಾಗಿಲು ತಟ್ಟಿದಳು. ಅದು ಮೊದಲ ಸಲ.

“ಮೇಷ್ಟ್ರೇ, ನಿಮ್ಮ ಸರಕಾರ ಎಲ್ಲಿದೆ? ನನ್ನ ಕರ್ಕೊಂಡು ಹೋಗಿ.”

ಆ ದಿನ ಪ್ರೆಸ್ಸಿಗೆ ರಜೆಯಿದ್ದುದರಿಂದ ನಾನೂ ಹೋದೆ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತೀರ್ಥಯಾತ್ರೆಗೆ ಕರೆದೊಯ್ಯುವವರಂತೆ ಮುಂದೆ ನಡೆದರು. ಯಾವ ಕಿಟಕಿಯಲ್ಲಿ ಯಾರು ಸಿಡುಕರು, ಯಾವ ಜವಾನನಿಗೆ ಮೊದಲು ಮಗಳ ಓದಿನ ಬಗ್ಗೆ ಕೇಳಬೇಕು, ಎಲ್ಲ ಅವರಿಗೆ ಗೊತ್ತು. ನಾವು ಬೆಂಚಿನ ಮೇಲೆ ಕಾದೆವು. ಬೆಂಚಿನ ರೆಕ್ಸಿನ್ ಹರಿದು ಸ್ಪಂಜು ಹೊರಬಂದಿತ್ತು. ಅತ್ತೆಯ ಬೆರಳು ತಾನಾಗಿಯೇ ಆ ಹರಿದ ಅಂಚನ್ನು ಜೋಡಿಸಿ ಜೋಡಿಸಿ ನೋಡುತ್ತಿತ್ತು. ಬೇಡ ಅತ್ತೆ, ಇದನ್ನೂ ಹೊಲಿದರೆ ನಾಳೆ ಕಟ್ಟಡವನ್ನೇ ನಿನ್ನ ಹೆಸರಿಗೆ ಬರೀತಾರೆ, ಎಂದು ನಾನು ಕಿವಿಯಲ್ಲಿ ಹೇಳಿದೆ.

ಎಂಜಿನಿಯರು ಎದ್ದು ನಿಂತು ಸ್ವಾಗತಿಸಿದ. “ಬನ್ನಿ ಬನ್ನಿ. ನಿಮ್ಮಂಥೋರು ಬೀದಿಗೊಬ್ಬರಿದ್ರೆ ನಾವು ಕಚೇರಿ ಮುಚ್ಕೊಂಡು ಮನೆಗೆ ಹೋಗ್ಬಹುದು.”

“ಸಂಬಳ ಬಿಟ್ಟು ಹೋಗ್ತೀರಾ?”

ಆತ ನಕ್ಕ. ಅತ್ತೆ ನಗಲಿಲ್ಲ.

“ನೋಡಿ ಸಾರ್, ನಿಮ್ಮಿಂದ ನನಗೆ ಏನೂ ಬೇಡ ಅಂದಿದ್ದು ನಿಜ. ಈಗಲೂ ಬೇಡ. ಆದ್ರೆ ನಿಮ್ಮ ಕೆಲಸ ನಾನು ಮಾಡ್ತೀನಿ ಅಂತ ಯಾವತ್ತು ಅಂದೆ? ನನ್ನ ಅಂಗಡಿಗೆ ಹರಿದ ಸೀಟು ತಂದೋರನ್ನ ನಾನು ನಿಮ್ಮ ಹತ್ರ ಕಳಿಸ್ತೀನಾ?”

ಎಂಜಿನಿಯರು ದೂರಿನ ಪುಸ್ತಕ ಎಳೆದುಕೊಂಡು ಬರೆದುಕೊಂಡ. ಹಿಂದಿನ ಬೀದಿಯ ಪೈಪು ಈ ವಾರವೇ ಆಗುತ್ತದೆ ಎಂದು ಮಾತು ಕೊಟ್ಟ. ಹೊರಗೆ ಬಂದ ಮೇಲೆ ಅತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಕೇಳೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ ಮೇಷ್ಟ್ರೇ.”

“ನಾನು ಇಷ್ಟು ವರ್ಷ ಸುಮ್ನೆ ಕೂತಿದ್ದೆ ಅನ್ಕೊಂಡಿದ್ಯಲ್ಲಮ್ಮ,” ಎಂದರು ಮೇಷ್ಟ್ರು. ದೂರುವ ಧ್ವನಿಯಲ್ಲಲ್ಲ. ತುಸು ಹೆಮ್ಮೆಯಿತ್ತು.

ಸರಕಾರ ನಿಜವಾಗಿಯೂ ಬಂತು. ಬರುವಾಗ ಒಂದು ಭಾರಿ ಯಂತ್ರವನ್ನೂ ತಂದಿತು. ಪೈಪು ಒಂದೇ ದಿನದಲ್ಲಿ ಸರಿಯಾಯಿತು, ಹಿಂದಿನ ಬೀದಿಯವರಿಗೆ ನೀರು ಬಂತು. ಆದರೆ ಯಂತ್ರ ವಾಪಸು ಹೋಗುವಾಗ ಅದರ ಕಬ್ಬಿಣದ ಬಕೆಟ್ಟು ತಿರುವಿನಲ್ಲಿ ಬಡಿದು ಅತ್ತೆಯ ಚಪ್ಪಡಿ ಎರಡು ಹೋಳಾಯಿತು. ಮೇಸ್ತ್ರಿ ಇಳಿದು ಬಂದು ತಲೆ ಕೆರೆದುಕೊಂಡ. ಬದಲಿ ಹಾಕಲು ತನ್ನದೇನೂ ಅಡ್ಡಿಯಿಲ್ಲ, ಆದರೆ ಕಚೇರಿಯ ಲೆಕ್ಕದಲ್ಲಿ ಈ ಜಾಗದಲ್ಲಿ ಚಪ್ಪಡಿಯೇ ಇಲ್ಲ, ಇಲ್ಲದ್ದು ಹೇಗೆ ಮುರಿಯುತ್ತದೆ ಎಂದು ಕೇಳಿ ಯಂತ್ರ ಹತ್ತಿ ಹೋದ.

ಇಡೀ ಬೀದಿಯ ಮುಖ ಅತ್ತೆಯ ಕಡೆ ತಿರುಗಿತು.

ಅವಳು ಒಳಗೆ ಹೋದಳು. ಸಿಮೆಂಟಿನ ಚೀಲ ಎಳೆದು ತಂದು ಹಾಕಿದಳು. ಹಳೆಯ ಸೀಟಿನ ಚೌಕಟ್ಟು ತಂದು ಹಾಕಿದಳು. ಆಮೇಲೆ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಳು. “ಸಾಮಾನು ನನ್ನದು. ಕೈ ನಿಮ್ಮದು,” ಎಂದಳು.

ಯಾರೂ ಅಲುಗಲಿಲ್ಲ. ಕಡೆಗೆ ಎದುರು ಮನೆಯ ಬಾಗಿಲು ತೆರೆಯಿತು. ಮೇಷ್ಟ್ರು ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದುಕೊಂಡು, ಎಲ್ಲಿಂದಲೋ ಎರವಲು ತಂದ ಸಲಿಕೆ ಹಿಡಿದು ಇಳಿದು ಬಂದರು. ಅವರು ಬಂದದ್ದು ನೋಡಿ ಬ್ರೆಡ್ಡಿನವನು ನಾಚಿಕೊಂಡು ನೀರು ತಂದ. ಬಲ್ಬಿನ ಬೆಳಕಿಗೆ ಜಗಳಾಡಿದ್ದ ಇಬ್ಬರು ಹೆಂಗಸರೂ ಜಲ್ಲಿ ಹೊತ್ತರು. ಸಿಮೆಂಟು ಹೆಚ್ಚಾಯಿತು, ನೀರು ಹೆಚ್ಚಾಯಿತು, ಮಾತಂತೂ ಮಿತಿಮೀರಿ ಹೆಚ್ಚಾಯಿತು. ಮೇಷ್ಟ್ರು ಕಲಸುವುದಕ್ಕಿಂತ ವಿವರಿಸಿದ್ದೇ ಜಾಸ್ತಿ. ಹಲಗೆ ಒಂದು ಬದಿಗೆ ವಾಲಿತ್ತು. ಎದುರಿಗಿದ್ದವರಿಗೆಲ್ಲ ಅದು ಕಾಣುತ್ತಿತ್ತು, ಕಟ್ಟಿದವರಿಗೆ ಮಾತ್ರ ಕಾಣಲಿಲ್ಲ.

ನಾನು ಅತ್ತೆಯ ಪಕ್ಕದಲ್ಲೇ ಇದ್ದೆ. ಅವಳ ಭುಜ ಎರಡು ಸಲ ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು. ತುಟಿ ಕಚ್ಚಿಕೊಂಡಿದ್ದಳು. ಮೇಷ್ಟ್ರು ಬೆವರೊರೆಸುತ್ತ, ಹೇಗಿದೆಯಮ್ಮ ಎಂದು ಕೇಳಿದರು.

“ಚೆನ್ನಾಗಿದೆ,” ಎಂದಳು ಅತ್ತೆ. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಕೂಡಲೇ ಷಟರ್ ಎಳೆದು, ಒಂದು ಜೊತೆ ಬಟ್ಟೆಯನ್ನು ಚೀಲಕ್ಕೆ ತುರುಕಿ ನನ್ನ ಜೊತೆ ನಮ್ಮ ಮನೆಗೆ ಹೊರಟುಬಿಟ್ಟಳು. ಅಪ್ಪನಿಗೆ ಆಶ್ಚರ್ಯವಾಯಿತು. ಅಕ್ಕ ಎಷ್ಟು ಕರೆದರೂ ಬರುವವಳಲ್ಲ.

“ಏನಕ್ಕ, ಇದ್ದಕ್ಕಿದ್ದ ಹಾಗೆ?”

“ಸಿಮೆಂಟು ಗಟ್ಟಿ ಆಗೋವರೆಗೂ ಇಲ್ಲೇ ಇರ್ತೀನಿ ಕಣೋ. ಅಲ್ಲೇ ಇದ್ರೆ ಎದ್ದು ಹೋಗಿ ಅದನ್ನ ಸರಿ ಮಾಡ್ಬಿಡ್ತೀನಿ.”

ಅಮ್ಮ ಒಳಗೆ ಹೋಗಿ, ನಮ್ಮ ಮನೆಯ ಹರಿದ ಸೋಫಾದ ಮೇಲೆ ದಪ್ಪನೆಯ ದುಪ್ಪಟಿ ಹೊದಿಸಿ, ನಾಲ್ಕೂ ಅಂಚುಗಳನ್ನು ಭದ್ರವಾಗಿ ಒಳಗೆ ಸಿಕ್ಕಿಸಿ, ಅದರ ಮೇಲೆ ತಾನೇ ಕೂತುಕೊಂಡಳು.