ತಂತಿಯ ಮೇಲಿನ ಶಲ್ವಾರು

ಇಪ್ಪತ್ತಾರು ವರ್ಷಗಳಿಂದ ಹಾಜೆರ್ ತನ್ನ ಶಲ್ವಾರುಗಳನ್ನು ಒಲೆಯ ಹಿಂದೆಯೇ ಒಣಗಿಸುತ್ತಿದ್ದಳು. ಗಂಡ ರಿಫಾತನ ಪ್ಯಾಂಟು, ಮಗಳು ನೆರ್ಗಿನಳ ಜೀನ್ಸು ಅಂಗಳದ ತಂತಿಯ ಮೇಲೆ; ಅವಳ ಹೂವಿನ ಶಲ್ವಾರು ಮಾತ್ರ ಒಳಗೆ, ಹೊಗೆ ಕುಡಿಯುತ್ತ. ಕಮ್ಯುನಿಸ್ಟ್ ಸರ್ಕಾರ ಬಲ್ಗೇರಿಯದ ತುರ್ಕರ ಹೆಸರುಗಳನ್ನೆಲ್ಲ ಬದಲಾಯಿಸಿ, ಅವರ ಶಲ್ವಾರನ್ನೂ ನಿಷೇಧಿಸಿದ ಚಳಿಗಾಲದಲ್ಲಿ ಅವಳಿಗೆ ಇಪ್ಪತ್ತು. ತಂಬಾಕಿನ ಗೋದಾಮಿನ ಬಾಗಿಲಲ್ಲಿ ಸಮವಸ್ತ್ರದವನೊಬ್ಬ ಅವಳ ಶಲ್ವಾರನ್ನು ಮಂಡಿಯವರೆಗೆ ಕತ್ತರಿಸಿ, 'ಹ್ರಿಸ್ತಿನಾ' ಎಂದು ಬರೆದ ಚೀಟಿಯನ್ನು ಕೈಗಿಟ್ಟಿದ್ದ. ಆ ಸರ್ಕಾರ ಬಿತ್ತು, ಹೆಸರು ವಾಪಸು ಬಂತು. ಬಟ್ಟೆ ಒಣಹಾಕುವ ಜಾಗ ಮಾತ್ರ ಬದಲಾಗಲಿಲ್ಲ.

ಇವತ್ತು ಜನಗಣತಿಯವರು ಬರುವ ದಿನ. ಹಾಜೆರ್ ಬೆಳಗಿನಿಂದ ರೊಟ್ಟಿಯ ಹಿಟ್ಟು ನಾದುತ್ತಲೇ ಇದ್ದಳು. ಕಿಟಕಿಯಾಚೆ ನೋಡಿದವಳು ನಾದುವುದನ್ನು ನಿಲ್ಲಿಸಿದಳು. ತಂತಿಯ ಮೇಲೆ ಅವಳ ಕೆಂಪು ಶಲ್ವಾರು! ಹಿಮಗಾಳಿಗೆ ಸೆಟೆದು, ಯಾರೋ ಕಾಲಗಲಿಸಿ ನಿಂತ ಹಾಗಿತ್ತು.

"ಯಾರೇ ಅದನ್ನ ಹೊರಗೆ ಹಾಕಿದ್ದು?"

"ನಾನೇ ಕಣಮ್ಮ." ನೆರ್ಗಿನ್ ಪ್ಲೊವ್ದಿವ್ ಪಟ್ಟಣದಲ್ಲಿ ಓದುತ್ತಿದ್ದವಳು, ರಜೆಗೆ ಬಂದಿದ್ದಳು. "ನಾವು ತುರ್ಕರು. ಬರೋರು ನೋಡ್ಲಿ."

"ನೀನೇನು ಹಾಕ್ಕೋತೀಯಾ ಅದನ್ನ? ಒಗೆಯೋಳು ನಾನು, ಹಾಕ್ಕೊಳೋಳು ನಾನು, ಸಿಕ್ಕಿಬೀಳೋಳೂ ನಾನೇ. ನಿನ್ನ ಅಭಿಮಾನಕ್ಕೆ ನನ್ನ ಬಟ್ಟೆನೇ ಬೇಕಿತ್ತಾ?"

"ಸುಮ್ನಿರ್ರೇ ಇಬ್ರೂ," ಎಂದ ರಿಫಾತ್, ಕಾಫಿಯಿಂದ ತಲೆಯೆತ್ತದೆ. "ಬಂದೋರಿಗೆ ನೀನೇ ಉತ್ತರ ಹೇಳು ಹಾಜೆರ್. ನಂಗೆ ತಲೆನೋವು."

ಹಾಜೆರ್ ಹಿಟ್ಟಿನ ಕೈಯಲ್ಲೇ ಹೊರಗೋಡುವಷ್ಟರಲ್ಲಿ ಗೇಟು ಕಿರ್ರೆಂದಿತು. ಹೆಗಲಿಗೆ ಚೀಲ ಹಾಕಿದ ಬಲ್ಗೇರಿಯನ್ ಹುಡುಗಿಯೊಬ್ಬಳು ಒಳಗೆ ಬಂದು ಕಾಗದ ಹರವಿದಳು.

"ನಿಮ್ಮ ಹೆಸರು ಹೇಳಿ ಅಮ್ಮಾ."

"ಹ್ರಿಸ್ತಿನಾ," ಎಂದುಬಿಟ್ಟಿತು ಅವಳ ಬಾಯಿ.

ನೆರ್ಗಿನ್ ಬೆಚ್ಚಿದಳು. ಆ ಹೆಸರು ಹೋದ ಮೇಲೆ ಹುಟ್ಟಿದವಳು ಅವಳು. ಮನೆಯಲ್ಲಿ ಅದನ್ನು ಯಾರೂ ಉಚ್ಚರಿಸಿದ್ದಿಲ್ಲ.

"ಅಮ್ಮಾ..." ಅವಳ ದನಿ ಪುಟ್ಟ ಮಗುವಿನದಾಗಿತ್ತು. "ಬೇಡ ಅಂದ್ರೆ ಅದನ್ನ ಒಳಗೆ ತರ್ತೀನಿ."

ಪೆನ್ನು ಕಾಗದದ ಮೇಲೆ ಕಾದಿತ್ತು. ಹಾಜೆರಳ ಮಂಡಿಯ ಕೆಳಗೆ ತಣ್ಣಗಾಯಿತು, ಕತ್ತರಿ ತಾಗಿದ ಹಾಗೆ.

"ಅದಲ್ಲ ಮಗಾ," ಎಂದಳು ಚೀಲದ ಹುಡುಗಿಗೆ. "ಹಾಜೆರ್ ಅಂತ ಬರ್ಕೋ. ತುರ್ಕರು ಅಂತಾನೂ ಬರ್ಕೋ."

ಹುಡುಗಿ ಬರೆದುಕೊಂಡಳು. "ಮನೇಲಿ ಎಷ್ಟು ಕೋಣೆ?" ಎಂದಳು.

ಅವಳು ಹೋದ ಮೇಲೆ ಹಾಜೆರ್ ಅಂಗಳಕ್ಕಿಳಿದು ಶಲ್ವಾರಿಗೆ ಇನ್ನೆರಡು ಕ್ಲಿಪ್ಪು ಸಿಕ್ಕಿಸಿದಳು. ಆಮೇಲೆ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು, ಸಮವಸ್ತ್ರದವರು ಯಾರಾದರೂ ಬಂದಾರೇನೋ ಎಂದು ಬೆಳಕಿರುವಷ್ಟು ಹೊತ್ತೂ ರಸ್ತೆಯನ್ನೇ ನೋಡುತ್ತ ಕುಳಿತಳು. ಹಿಟ್ಟು ನಾದಿ ಮುಗಿಸಿದವಳು ನೆರ್ಗಿನ್.