ಉಡಿ ತುಂಬಿ ಕಳಿಸಿದ್ದು

ನನ್ನ ಸೋದರತ್ತೆಯನ್ನು ಆರೈಕೆಯ ಆಶ್ರಮಕ್ಕೆ ಬಿಡಲು ಹೊರಟ ದಿನ ನನ್ನ ಹೆಂಡತಿ ಆಕೆಯ ಉಡಿ ತುಂಬಿದಳು. ಮನೆಮಗಳು ತವರಿನ ಹೊಸ್ತಿಲು ದಾಟುವಾಗ ಬರಿ ಉಡಿಯಲ್ಲಿ ಹೋಗಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಬೇರು, ಕುಪ್ಪಸಕ್ಕೆ ಒಂದು ಹಸಿರು ಖಣ. ಉಂಡದ್ದು ಮರೆತು ಮತ್ತೆ ಊಟ ಕೇಳುವ ಅತ್ತೆ, ಉಡಿ ಅಂದ ಕೂಡಲೇ ನೆಟ್ಟಗೆ ನಿಂತು ಸೆರಗೊಡ್ಡಿದಳು. ಅದನ್ನು ಕಂಡು ನನಗೆ ಸಮಾಧಾನವಾಯಿತು. ಹಾಳು ಸಮಾಧಾನ!

ಅತ್ತೆಯನ್ನು ಜೇವರ್ಗಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರಂತೆ. ಗಂಡ ಹೊಡೆಯುತ್ತಿದ್ದ, ಮನೆಯವರು ಉಪವಾಸ ಕೆಡವುತ್ತಿದ್ದರು. ವಿಷಯ ತಿಳಿದು ನನ್ನ ಅಪ್ಪ ಹೋಗಿ ತಂಗಿಯನ್ನು ಕರೆತಂದವನು ಮತ್ತೆ ಕಳಿಸಲಿಲ್ಲ. ಭೂಸನೂರಿನ ಹತ್ತಿರದ ಕಬ್ಬಿನ ಹೊಲವನ್ನು ಆಕೆಯ ಹೆಸರಿಗೆ ಮಾಡಿದ. ಆಮೇಲೆ ಆಳಂದದ ನಮ್ಮ ಮನೆಯಲ್ಲಿ ಅತ್ತೆಯದೇ ಕಾರುಬಾರು. ಬಿಸಿಲೇರುವ ತನಕ ಮಲಗುವಳು, ಎದ್ದ ಮೇಲೆ ಎಲ್ಲರನ್ನೂ ಬೈಯುವಳು. ನಾನು ಬೆಳೆದದ್ದೇ ಆಕೆಯ ಕೈಯಲ್ಲಿ ಮತ್ತು ಬೈಗುಳದಲ್ಲಿ.

ಅಪ್ಪ ತೀರಿಹೋದ ಮೇಲೆ ಅತ್ತೆಯ ಮರೆವು ಹೆಚ್ಚಾಯಿತು. ಘತ್ತರಗಿಯ ದೇವಿಗೆ ಹೋಗುತ್ತೇನೆಂದು ಹೊರಟವಳು ಅಫಜಲಪುರದ ಬಸ್ಸಿನ ಬದಲು ಎದುರಿಗೆ ನಿಂತ ಯಾವುದೋ ಬಸ್ಸು ಹತ್ತಿದಳು. ಖಜೂರಿಯಲ್ಲಿ ಚಹಾದಂಗಡಿಯವನು ಕೂರಿಸಿಕೊಂಡು ಫೋನು ಮಾಡಿದ. ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟರೆ, ಕಳ್ಳಿ ಎಂದು ಕಟ್ಟಿಗೆ ಹಿಡಿದು ಓಡಿಸಿದಳು. ನನಗೆ ಬೀಜ ಗೊಬ್ಬರದ ಅಂಗಡಿ, ಹೆಂಡತಿಗೆ ಅಂಗನವಾಡಿ. ಕೊನೆಗೆ ಕಲಬುರ್ಗಿಯಲ್ಲಿ ಮರೆವಿನವರನ್ನು ಇಟ್ಟುಕೊಳ್ಳುವ ಆಶ್ರಮವೊಂದು ಸಿಕ್ಕಿತು. ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟು ಬಂದ ದುಡ್ಡನ್ನು ಅಲ್ಲಿಗೆ ಕಟ್ಟುತ್ತಿದ್ದೆ, ಕಡಿಮೆ ಬಿದ್ದರೆ ಅಂಗಡಿಯಿಂದ ಸೇರಿಸುತ್ತಿದ್ದೆ. ಕೇಳಿದ ಬಂಧುಗಳಿಗೆ, "ಆಕಿ ಹೊಲದ ರೊಕ್ಕ ಆಕಿಗೇ ಹೊಂಟೈತ್ರಿ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ.

ಆಶ್ರಮ ಇದ್ದದ್ದು ಊರ ಹೊರಗೆ, ಜೇವರ್ಗಿ ರಸ್ತೆಯಲ್ಲಿ. ಕಾರು ಆ ಕಡೆ ಹೊರಳಿದಾಗ ಅತ್ತೆ ನನ್ನ ಕೈ ಹಿಡಿದುಕೊಂಡಳು. ಉಡಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಬಿಸಿಲಿಗೆ ಇರಬೇಕು ಅಂದುಕೊಂಡೆ.

ಅಲ್ಲಿಂದ ಬರುತ್ತಿದ್ದ ಫೋನುಗಳಲ್ಲಿ ಬರೀ ಹೊಗಳಿಕೆ. "ನಿಮ್ಮ ಅತ್ತಿಯವರು ಬಾಳ ಶಾಣ್ಯಾ ಅದಾರ್ರಿ. ನಸುಕಿನ್ಯಾಗ ಎದ್ದು ಕಸಾ ಹೊಡಿತಾರ, ಬ್ಯಾಡಂದ್ರೂ ಬಿಡಂಗಿಲ್ಲ. ಒಂದ್ ಎದುರು ಮಾತಿಲ್ಲ ನೋಡ್ರಿ."

ನಮ್ಮ ಅತ್ತೆ? ನಸುಕಿನಲ್ಲಿ? ನನಗೆ ನಗು ಬಂತು. "ಕೊಟ್ಟ ರೊಕ್ಕಕ್ಕ ಮೋಸ ಇಲ್ಲ" ಎಂದು ಹೆಂಡತಿಗೆ ಹೇಳಿದೆ. ಔಷಧ ಹಿಡಿಯಿತು ಎಂದೇ ಇಬ್ಬರೂ ನಂಬಿದೆವು.

ನಾಗರ ಪಂಚಮಿಗೆ ಶೇಂಗಾದ ಉಂಡೆ ಕಟ್ಟಿಕೊಂಡು ಹೋದೆವು. ಅತ್ತೆ ಮಂಚದ ಮೇಲೆ ಇರಲಿಲ್ಲ, ಬಾಗಿಲ ಪಕ್ಕದಲ್ಲಿ ನೆಲದ ಮೇಲೆ ಮುದುರಿ ಕೂತಿದ್ದಳು. ತಟ್ಟೆಯಲ್ಲಿ ಊಟ ಆರುತ್ತಿತ್ತು. ಪಕ್ಕದ ಮಂಚದ ಮುದುಕಿಯನ್ನು ತೋರಿಸಿ, "ಅತ್ತಿಯವರದು ಇನ್ನಾ ಊಟ ಆಗಿಲ್ಲ" ಅಂದಳು. ಆ ಮುದುಕಿ ಯಾರೋ ಏನೋ! ಅಷ್ಟರಲ್ಲಿ ಕೆಲಸದವನೊಬ್ಬ ಒಳಗೆ ಬಂದು ಫ್ಯಾನು ಹಾಕಲು ಕೈ ಎತ್ತಿದ. ಅತ್ತೆ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು.

ನನ್ನ ಹೆಂಡತಿಗೆ ಮೊದಲು ತಿಳಿಯಿತು. "ನೋಡ್ರಿ, ಆಕಿ ಇದನ್ನ ಗಂಡನ ಮನಿ ಅಂತ ತಿಳದಾಳ್ರಿ. ನಾನ ಉಡಿ ತುಂಬಿ ಕಳಿಸೀನಲ್ರಿ" ಎಂದು ಅಳತೊಡಗಿದಳು.

ಅಪ್ಪ ಯಾವ ಮನೆಯಿಂದ ಬಿಡಿಸಿ ತಂದಿದ್ದನೋ ಆ ಮನೆಗೆ, ಅಪ್ಪನೇ ಕೊಟ್ಟ ಹೊಲದ ದುಡ್ಡು ಕಟ್ಟಿ, ನಾನು ಆಕೆಯನ್ನು ಮರಳಿ ಕಳಿಸಿದ್ದೆ. ಆಕೆಯ ಮಟ್ಟಿಗೆ ಅದೇ ನಿಜ. ಈ ಸಂಕಟವನ್ನು ಯಾರ ಮುಂದೆ ಹೇಳಲಿ?

"ಅತ್ತಿ, ಏಳು. ಮನಿಗಿ ಹೋಗೂನು" ಅಂದೆ.

ಆಕೆಗೆ ನನ್ನ ಗುರುತು ಸಿಗಲಿಲ್ಲ. ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ನೀ ನಮ್ಮ ತವರೂರವನೇನಪಾ? ಅಣ್ಣಗ ಏನೂ ಹೇಳಬ್ಯಾಡ. ನನ್ನ ಚಂದ ನೋಡ್ಕೊಳ್ಳಾಕತ್ತಾರ ಅಂತ ಹೇಳು."

ಕೈ ಹಿಡಿದು ಎಬ್ಬಿಸಲು ಹೋದೆ. ಕೊಸರಿಕೊಂಡಳು. "ಅಣ್ಣ ಬರದ ನಾ ಹೆಂಗ ಬರ್ಲಿ? ಪರಗಂಡಸಿನ ಕೂಡ ಹೋದಳು ಅಂತಾರ!" ಎಂದು ಚೀರಿದಳು. ಜನ ಸೇರಿದರು. "ಇವತ್ತ ಬ್ಯಾಡ ಬಿಡ್ರಿ" ಎಂದು ಆಶ್ರಮದವರು ನಮ್ಮನ್ನು ಹೊರಗೆ ಕರೆತಂದರು.

ಆಮೇಲೂ ಹೋಗಿ ಕರೆದೆ. ಹೆಂಡತಿಯನ್ನು ಕಳಿಸಿ ಕರೆಸಿದೆ. ಜಪ್ಪಯ್ಯ ಎಂದರೂ ಬರಲಿಲ್ಲ. ಎತ್ತಿ ಕಾರಿನಲ್ಲಿ ಹಾಕಿಕೊಂಡು ಬರಬಹುದಿತ್ತು, ಆದರೆ ಹಾಗೆ ಎಳೆದುಕೊಂಡು ಹೋಗುವವರನ್ನು ಆಕೆ ಗಂಡನ ಮನೆಯಲ್ಲಿ ಮೊದಲೇ ಕಂಡಿದ್ದಾಳೆ. ನನ್ನ ಕೈಲಾಗಲಿಲ್ಲ.

ಈಗ ದುಡ್ಡು ಕಟ್ಟಲು ನಾನೇ ಹೋಗುತ್ತೇನೆ, ಹೋದಾಗ ಒಂದಷ್ಟು ಹೊತ್ತು ಪಕ್ಕದಲ್ಲಿ ಕೂರುತ್ತೇನೆ. ಕೋಣೆಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಆಕೆ ಕೇಳುತ್ತಾಳೆ, "ಅಣ್ಣ ಯಾವಾಗ ಬರ್ತಾನ?"

"ನಾಳಿಗಿ ಬರ್ತಾನ, ಅತ್ತಿ."

"ಜಲ್ದಿ ಬಾ ಅಂತ ಹೇಳಪಾ" ಅನ್ನುತ್ತಾಳೆ.